ಬಿಡುಗಡೆ ಟಿಪ್ಪಣಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ

ಪ್ರಶ್ನೆ: ನಮ್ಮಲ್ಲಿ ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ಒಂದೇ ಸರ್ವರಿನಿಂದ ಬೂಟ್ ಆಗುತ್ತವೆ. ಆ ಸರ್ವರಿನ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಾಗಲೆಲ್ಲ ಉದ್ದನೆಯ ಬಿಡುಗಡೆ ಟಿಪ್ಪಣಿಯೂ ಬರುತ್ತದೆ. ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಅದರಲ್ಲಿ ನಿಜಕ್ಕೂ ಓದಲೇಬೇಕಾದದ್ದು ಯಾವುದು? ಓದದೆ ಅಪ್‌ಡೇಟ್ ಒತ್ತಿದರೆ ಏನಾದೀತು?

ಉತ್ತರ: ಓದದೆ ಒತ್ತಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಆಗುವ ಆ ಒಂದು ಸಲ, ಒಂದು ಯಂತ್ರಕ್ಕಲ್ಲ, ಎಲ್ಲ ಯಂತ್ರಗಳಿಗೂ ಒಟ್ಟಿಗೇ ಆಗುತ್ತದೆ. ಬೇರೆ ತಂತ್ರಾಂಶ ಕೆಟ್ಟರೆ ಕಂಪ್ಯೂಟರಾದರೂ ಉಳಿದಿರುತ್ತದೆ, ಅದರ ಮುಂದೆಯೇ ಕೂತು ಪರಿಹಾರ ಹುಡುಕಬಹುದು. ಬೂಟ್ ಸರ್ವರ್ ಕೆಟ್ಟರೆ ಹುಡುಕಲು ಕೂರುವ ಯಂತ್ರವೇ ಮೇಲೇಳುವುದಿಲ್ಲ. ಹಾಗಾಗಿ ಈ ಟಿಪ್ಪಣಿಯನ್ನು ಕೈಯಲ್ಲಿ ಎರಡೇ ಪ್ರಶ್ನೆ ಹಿಡಿದುಕೊಂಡು ಓದಿ ಎನ್ನುತ್ತೇನೆ. ಯಾವ ಸಾಲು ನನ್ನ ಯಂತ್ರಗಳು ಏಳದಂತೆ ಮಾಡಬಲ್ಲದು? ಯಾವ ಸಾಲು ಹಳೆಯ ಆವೃತ್ತಿಗೆ ಮರಳುವ ದಾರಿಯನ್ನು ಮುಚ್ಚುತ್ತದೆ? ಮೊದಲನೆಯದು ಬೂಟ್‌ಗೆ ಸೇರಿದ್ದು, ಎರಡನೆಯದು ಸ್ಟೋರೇಜ್‌ಗೆ. ಈ ಎರಡಕ್ಕೂ ಉತ್ತರ ಸಾಮಾನ್ಯವಾಗಿ ಟಿಪ್ಪಣಿಯ ಕೊನೆಯ ಭಾಗದಲ್ಲಿ, ‘ತಿಳಿದಿರುವ ಸಮಸ್ಯೆಗಳು’, ‘ಹೊಂದಾಣಿಕೆ’, ‘ಅಪ್‌ಗ್ರೇಡ್ ಸೂಚನೆ’ ಎಂಬ ತಲೆಬರಹಗಳ ಕೆಳಗೆ ಇರುತ್ತದೆ. ಓದು ಅಲ್ಲಿಂದ ಶುರುವಾಗಲಿ. ಮೇಲಿರುವ ‘ಹೊಸ ಸೌಲಭ್ಯಗಳು’ ನಾಳೆ ಓದಿದರೂ ನಡೆಯುತ್ತದೆ.

ಏಳದಂತೆ ಮಾಡುವ ಸಾಲನ್ನು ಗುರುತಿಸಬೇಕಾದರೆ ಯಂತ್ರ ಹೇಗೆ ಏಳುತ್ತದೆ ಎಂದು ಗೊತ್ತಿರಬೇಕು. ಸ್ವಿಚ್ ಒತ್ತಿದ ಮೇಲೆ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೊದಲ ಪ್ರೋಗ್ರಾಂ) ಮೊದಲು ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ವ್ಯವಸ್ಥೆಯ ಮೂಲಕ ಇಡೀ ನೆಟ್‌ವರ್ಕಿಗೆ ಕೂಗು ಹಾಕುತ್ತದೆ: ನನಗೊಂದು ವಿಳಾಸ ಬೇಕು, ಎಲ್ಲಿಂದ ಯಾವ ಫೈಲ್ ತರಬೇಕು ಹೇಳಿ. ಉತ್ತರ ಬಂದ ಮೇಲೆ ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ಪದ್ಧತಿಯ ಮೂಲಕ ಒಂದು ಪುಟ್ಟ ಬೂಟ್ ಲೋಡರ್ ಇಳಿಯುತ್ತದೆ. ಅದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮತ್ತು ಮೆಮೊರಿಯಲ್ಲೇ ನಿಲ್ಲುವ ಆರಂಭಿಕ ರ‍್ಯಾಮ್ ಡಿಸ್ಕನ್ನು ತರುತ್ತದೆ. ಅವು ಎದ್ದ ಮೇಲೆ ಐಸ್ಕಸಿ ಅಥವಾ ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಪದ್ಧತಿಗಳ ಮೂಲಕ ಸರ್ವರಿನಲ್ಲಿರುವ ಡಿಸ್ಕನ್ನು ತಮ್ಮದೇ ಡಿಸ್ಕ್ ಎಂಬಂತೆ ಹಿಡಿಯುತ್ತವೆ. ಈ ಕ್ರಮಕ್ಕೆ ಅಡಿಪಾಯ ಹಾಕಿದ್ದು ಇಂಟೆಲ್‌ನ ಪಿಎಕ್ಸ್‌ಇ ಎಂಬ ನೆಟ್‌ವರ್ಕ್ ಬೂಟ್ ಮಾನದಂಡ. ಇವತ್ತಿಗೂ ಚಾಲ್ತಿಯಲ್ಲಿರುವ ಅದರ 2.1ನೇ ವಿವರಣೆ 1999ರದ್ದು. ಟಿಎಫ್‌ಟಿಪಿ ಅದಕ್ಕಿಂತಲೂ ಹಳೆಯದು, 1980ರ ದಶಕದ ಆರಂಭದ್ದು. ಟಿಪ್ಪಣಿಯ ಒಂದು ಸಾಲು ಅರ್ಥವಾಗದಿದ್ದರೆ, ಅದು ಈ ಸರಪಳಿಯ ಯಾವ ಕೊಂಡಿಯನ್ನು ಮುಟ್ಟುತ್ತಿದೆ ಎಂದಷ್ಟೇ ಕೇಳಿಕೊಳ್ಳಿ. ಮುಕ್ಕಾಲು ಗೊಂದಲ ಅಲ್ಲೇ ಕರಗುತ್ತದೆ.

‘ಡಿಎಚ್‌ಸಿಪಿಯ 93ನೇ ಆಯ್ಕೆಯನ್ನು ಈಗ ಪರಿಗಣಿಸಲಾಗುತ್ತದೆ’ ಎಂಬ ಸಾಲು ಬಂತೆನ್ನಿ. ಕೇಳಲು ಒಣ ಸಾಲು. ಆದರೆ ಯಂತ್ರ ತನ್ನ ಜಾತಿ ಯಾವುದೆಂದು ಹೇಳುವುದು ಆ ಆಯ್ಕೆಯಲ್ಲೇ. ಅಲ್ಲಿ 0 ಇದ್ದರೆ ಹಳೆಯ ಬಗೆಯ ಫರ್ಮ್‌ವೇರ್ ಆದ ಬಯಾಸ್, 7 ಇದ್ದರೆ ಹೊಸ ಬಗೆಯ 64 ಬಿಟ್ ಯುಇಎಫ್‌ಐ, 16 ಇದ್ದರೆ ಎಚ್‌ಟಿಟಿಪಿ ಮೂಲಕ ಬೂಟ್ ಆಗಬಯಸುವ ಯುಇಎಫ್‌ಐ. ಇದುವರೆಗೆ ಎಲ್ಲರಿಗೂ ಒಂದೇ ಫೈಲ್ ಕೊಡುತ್ತಿದ್ದ ಸರ್ವರ್ ಇನ್ನು ಮುಂದೆ ಜಾತಿ ನೋಡಿ ಬೇರೆ ಬೇರೆ ಫೈಲ್ ಕೊಡುತ್ತದೆ ಎಂದಾಯಿತು. ನೀವು ಕೈಯಾರೆ ಬರೆದಿಟ್ಟ ಫೈಲಿನ ಹೆಸರನ್ನು ಅದು ಮೀರಬಹುದು. ನಿಮ್ಮಲ್ಲಿ ಹಳೆಯ ಮತ್ತು ಹೊಸ ಯಂತ್ರಗಳು ಬೆರೆತಿದ್ದರೆ ಈ ಸಾಲಿನ ಕೆಳಗೆ ಗೆರೆ ಎಳೆಯಿರಿ.

ಟಿಎಫ್‌ಟಿಪಿ ಬಗೆಗಿನ ಸಾಲುಗಳಿಗೆ ಹೆದರಬೇಕಿಲ್ಲ, ಆದರೆ ಅರ್ಥ ಮಾಡಿಕೊಂಡರೆ ಲಾಭವಿದೆ. ಅದು ಮೂಲತಃ 512 ಬೈಟಿನ ಒಂದು ತುಂಡು ಕಳಿಸಿ, ‘ಬಂತು’ ಎಂಬ ಉತ್ತರಕ್ಕೆ ಕಾದು, ಆಮೇಲೆ ಮುಂದಿನ ತುಂಡು ಕಳಿಸುವ ಪದ್ಧತಿ. ಹೋಗಿ ಬರಲು ಒಂದು ಮಿಲಿಸೆಕೆಂಡ್ ಹಿಡಿದರೆ 100 ಎಂಬಿಯ ರ‍್ಯಾಮ್ ಡಿಸ್ಕ್ ಇಳಿಯಲು ಮೂರೂವರೆ ನಿಮಿಷದಷ್ಟು ಬೇಕು, ನೆಟ್‌ವರ್ಕ್ ಎಷ್ಟೇ ವೇಗದ್ದಾಗಿರಲಿ. ತುಂಡಿನ ಗಾತ್ರ 1468 ಬೈಟ್ ಆದರೆ ಅದೇ ಕೆಲಸ ಒಂದು ನಿಮಿಷ ಚಿಲ್ಲರೆಗೆ ಇಳಿಯುತ್ತದೆ. ಉತ್ತರಕ್ಕೆ ಕಾಯದೆ ಹಲವು ತುಂಡುಗಳನ್ನು ಒಟ್ಟಿಗೆ ಕಳಿಸುವ ‘ವಿಂಡೋ’ ಆಯ್ಕೆ 2015ರಲ್ಲಿ ಬಂತು. ಟಿಪ್ಪಣಿಯಲ್ಲಿ ‘ಬ್ಲಾಕ್ ಗಾತ್ರ’, ‘ವಿಂಡೋ ಗಾತ್ರ’ ಎಂದು ಕಂಡರೆ ಅದು ನಿಮ್ಮ ಬೆಳಗಿನ ಕಾಯುವಿಕೆಯನ್ನು ಕಡಿಮೆ ಮಾಡುವ ಸುದ್ದಿ. ಕೆಲವು ಹಳೆಯ ನೆಟ್‌ವರ್ಕ್ ಕಾರ್ಡುಗಳ ಫರ್ಮ್‌ವೇರ್ ದೊಡ್ಡ ತುಂಡನ್ನು ನುಂಗಲಾರದೆ ನಿಂತುಬಿಡುವುದೂ ಉಂಟು, ಆಗ ಗಾತ್ರವನ್ನು ಮೊದಲಿನ ಮಟ್ಟಕ್ಕೆ ಇಳಿಸಿದರೆ ಸಾಕು.

ಇನ್ನು ಸಹಿಯ ವಿಷಯ. ಬೂಟ್‌ಗೆ ಸಂಬಂಧಿಸಿದ ಎಲ್ಲದರಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಸೆಕ್ಯೂರ್ ಬೂಟ್ ಆನ್ ಆಗಿರುವ ಯಂತ್ರ, ತಾನು ನಂಬುವ ಪ್ರಮಾಣಪತ್ರದ ಸಹಿ ಇರುವ ಬೂಟ್ ಲೋಡರನ್ನು ಮಾತ್ರ ಒಳಗೆ ಬಿಡುತ್ತದೆ. ಲಿನಕ್ಸ್ ಪ್ರಪಂಚದಲ್ಲಿ ಆ ಬಾಗಿಲಲ್ಲಿ ನಿಲ್ಲುವುದು ಶಿಮ್ ಎಂಬ ಚಿಕ್ಕ ಪ್ರೋಗ್ರಾಂ, ಅದಕ್ಕೆ ಸಹಿ ಹಾಕುವುದು ಮೈಕ್ರೋಸಾಫ್ಟ್. ಹಲವು ವರ್ಷ ಇದಕ್ಕೆ ಬಳಕೆಯಾದ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್‌ವರೆಗೆ. ಅದರ ಜಾಗಕ್ಕೆ ಬಂದಿರುವುದು 2023ರದ್ದು. ಅವಧಿ ಮುಗಿದ ಮಾತ್ರಕ್ಕೆ ಹಳೆಯ ಸಹಿಯ ಶಿಮ್ ನಿಂತುಹೋಗುವುದಿಲ್ಲ, ಫರ್ಮ್‌ವೇರ್‌ಗಳು ಸಾಮಾನ್ಯವಾಗಿ ದಿನಾಂಕ ನೋಡುವುದಿಲ್ಲ. ಪೇಚು ಇರುವುದು ಇನ್ನೊಂದು ಕಡೆ. ಹೊಸ ಆವೃತ್ತಿಯ ಶಿಮ್‌ನಲ್ಲಿ 2023ರ ಸಹಿ ಮಾತ್ರ ಇದ್ದು, ನಿಮ್ಮ ಯಂತ್ರದ ಫರ್ಮ್‌ವೇರ್ 2023ರ ಪ್ರಮಾಣಪತ್ರವನ್ನೇ ನೋಡಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ‘ಶಿಮ್ ಪರಿಷ್ಕರಿಸಲಾಗಿದೆ’ ಎಂಬ ಎರಡು ಪದದ ಸಾಲಿನ ಹಿಂದೆ ಇಷ್ಟೆಲ್ಲ ಇರಬಹುದು. ಮೊದಲು ಯಂತ್ರಗಳ ಫರ್ಮ್‌ವೇರ್, ಆಮೇಲೆ ಸರ್ವರಿನ ಶಿಮ್, ಈ ಕ್ರಮ ತಪ್ಪಬಾರದು.

ಹಾಗಂತ ಶಿಮ್ ಅಪ್‌ಡೇಟನ್ನು ಮುಂದೂಡುತ್ತಾ ಹೋಗುವುದೂ ಸರಿಯಲ್ಲ. 2024ರ ಜನವರಿಯಲ್ಲಿ ಬಂದ ಶಿಮ್ 15.8 ಸರಿಪಡಿಸಿದ ದೋಷಗಳಲ್ಲಿ ಒಂದು (ದೋಷಗಳ ಪಟ್ಟಿಯಲ್ಲಿ ಅದರ ಗುರುತು ಸಿವಿಇ-2023-40547) ನೇರವಾಗಿ ನೆಟ್‌ವರ್ಕ್ ಬೂಟ್‌ಗೇ ಸಂಬಂಧಿಸಿದ್ದು: ಎಚ್‌ಟಿಟಿಪಿ ಮೂಲಕ ಫೈಲ್ ತರುವಾಗ ಸರ್ವರ್ ಹೇಳಿದ ಗಾತ್ರವನ್ನು ಶಿಮ್ ಹಾಗೆಯೇ ನಂಬುತ್ತಿತ್ತು. ನಡುವೆ ನುಸುಳಿದವನು ಸುಳ್ಳು ಗಾತ್ರ ಹೇಳಿದರೆ ಮೆಮೊರಿಯ ಗಡಿ ದಾಟಿ ಬರೆಯಬಹುದಿತ್ತು, ಆಪರೇಟಿಂಗ್ ಸಿಸ್ಟಂ ಕಣ್ಣು ಬಿಡುವ ಮೊದಲೇ. ಅದೇ ತಿಂಗಳು ಪಿಕ್ಸಿಫೇಲ್ ಎಂಬ ಹೆಸರಿನಲ್ಲಿ ಒಂಬತ್ತು ದೋಷಗಳು ಬಯಲಾದವು. ಅವು ಇದ್ದದ್ದು ಬಹಳ ಕಂಪನಿಗಳ ಫರ್ಮ್‌ವೇರ್‌ಗೆ ಮೂಲವಾದ ಇಡಿಕೆ-2ರ ಐಪಿವಿ6 ಭಾಗದಲ್ಲಿ. ಸರ್ವರಿನ ತಂತ್ರಾಂಶ ಎಷ್ಟೇ ಹೊಸದಾದರೂ ಅಂಥದ್ದನ್ನು ಮುಚ್ಚಲಾರದು. ಯಂತ್ರದ ಫರ್ಮ್‌ವೇರ್‌ಗೂ ಅದರದ್ದೇ ಬಿಡುಗಡೆ ಟಿಪ್ಪಣಿ ಇರುತ್ತದೆ, ಅದನ್ನೂ ಇದರ ಪಕ್ಕದಲ್ಲೇ ಇಟ್ಟುಕೊಳ್ಳಿ.

ಈಗ ಎರಡನೆಯ ಪ್ರಶ್ನೆ, ಮರಳುವ ದಾರಿ. ಬೂಟ್ ಭಾಗ ಕೆಟ್ಟರೆ ಹಳೆಯ ಫೈಲನ್ನು ಹಿಂದಿನ ಜಾಗದಲ್ಲಿಟ್ಟರೆ ಯಂತ್ರಗಳು ಮತ್ತೆ ಏಳುತ್ತವೆ. ಸ್ಟೋರೇಜ್ ಹಾಗಲ್ಲ. ಡಿಸ್ಕಿನ ಮೇಲೆ ಬರೆದ ರೂಪ ಒಮ್ಮೆ ಬದಲಾದರೆ ಹಳೆಯ ಪ್ರೋಗ್ರಾಂ ಅದನ್ನು ಓದಲಾರದು. ‘ಇಮೇಜ್ ಸ್ವರೂಪ ಪರಿಷ್ಕರಿಸಲಾಗಿದೆ’, ‘ಮೊದಲ ಬಾರಿ ಆರಂಭಿಸಿದಾಗ ಡೇಟಾಬೇಸ್ ಪರಿವರ್ತನೆಯಾಗುತ್ತದೆ’, ‘ಪೂಲ್ ಅಪ್‌ಗ್ರೇಡ್ ಮಾಡಿ’ ಎಂಬ ಮಾತುಗಳೆಲ್ಲ ಹೇಳುವುದು ಅದನ್ನೇ.

ಡಿಸ್ಕುಗಳನ್ನು ‘ಪೂಲ್’ ಆಗಿ ಒಟ್ಟುಗೂಡಿಸಿ ಅದರಲ್ಲಿ ಫೈಲುಗಳನ್ನಿಡುವ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇದಕ್ಕೆ ಒಳ್ಳೆಯ ಉದಾಹರಣೆ. ಹೊಸ ಆವೃತ್ತಿ ಹಾಕಿದ ಮೇಲೆ ಪೂಲಿನ ಸ್ಥಿತಿ ನೋಡಿದರೆ, ಕೆಲವು ಸೌಲಭ್ಯಗಳು ಸಕ್ರಿಯವಾಗಿಲ್ಲ, ಅಪ್‌ಗ್ರೇಡ್ ಮಾಡಿ ಎಂದು ಅದೇ ಸೂಚಿಸುತ್ತದೆ. ಅದು ದೋಷದ ಸಂದೇಶದಂತೆ ಕಾಣುತ್ತದೆ, ಕೈ ತಾನಾಗಿ ಕೀಲಿಮಣೆಯತ್ತ ಹೋಗುತ್ತದೆ. ಆದರೆ ಪೂಲ್ ಹಾಗೆಯೇ ಇದ್ದರೂ ಸುಖವಾಗಿ ನಡೆಯುತ್ತದೆ. ಅಪ್‌ಗ್ರೇಡ್ ಮಾಡಿದರೆ, ಆ ಸೌಲಭ್ಯಗಳನ್ನು ಅರಿಯದ ಹಳೆಯ ಆವೃತ್ತಿ ಪೂಲನ್ನು ತೆರೆಯಲಾರದೆ ಹೋಗಬಹುದು. ಸರ್ವರ್ ತಾನೇ ಜೆಡ್‌ಎಫ್‌ಎಸ್ ಪೂಲಿನಿಂದ ಬೂಟ್ ಆಗುತ್ತಿದ್ದರೆ ಇನ್ನೂ ಕಷ್ಟ: ಗ್ರಬ್ ಬೂಟ್ ಲೋಡರಿಗೆ ಕೆಲವೇ ಸೌಲಭ್ಯಗಳು ಅರ್ಥವಾಗುತ್ತವೆ, ಉಳಿದವು ಸಕ್ರಿಯವಾದ ಮೇಲೆ ಅದಕ್ಕೆ ಪೂಲೇ ಕಾಣುವುದಿಲ್ಲ. ಇದಕ್ಕಾಗಿಯೇ ಜೆಡ್‌ಎಫ್‌ಎಸ್‌ನ ಮುಕ್ತ ರೂಪವಾದ ಓಪನ್‌ಜೆಡ್‌ಎಫ್‌ಎಸ್ 2.1ರಲ್ಲಿ, 2021ರಲ್ಲಿ, ಗ್ರಬ್‌ಗೆ ಹೊಂದುವ ಸೌಲಭ್ಯಗಳಷ್ಟನ್ನೇ ಅನುಮತಿಸುವ ‘ಹೊಂದಾಣಿಕೆ’ ಗುಣವನ್ನು ಪೂಲಿಗೆ ಸೇರಿಸಿದರು. ಅಪ್‌ಗ್ರೇಡ್ ಮಾಡಲೇಬೇಕೆಂದರೆ ಮೊದಲು ಪೂಲಿನ ಚೆಕ್‌ಪಾಯಿಂಟ್ ತೆಗೆದಿಡಿ. ಮಾಮೂಲಿ ಸ್ನ್ಯಾಪ್‌ಶಾಟ್ ಫೈಲುಗಳನ್ನು ಮಾತ್ರ ಹಿಂದಕ್ಕೆ ತರುತ್ತದೆ, ಚೆಕ್‌ಪಾಯಿಂಟ್ ಇಡೀ ಪೂಲಿನ ಸ್ಥಿತಿಯನ್ನೇ ತರುತ್ತದೆ.

‘ಹಾಗಾದರೆ ಅಪ್‌ಡೇಟ್ ಮಾಡದೇ ಇರುವುದೇ ಕ್ಷೇಮ’ ಎನ್ನುವವರಿಗೂ ಜೆಡ್‌ಎಫ್‌ಎಸ್‌ನ ಕಥೆಯಲ್ಲೇ ಉತ್ತರವಿದೆ. 2023ರ ಅಕ್ಟೋಬರಿನಲ್ಲಿ 2.2.0 ಆವೃತ್ತಿ ಬ್ಲಾಕ್ ಕ್ಲೋನಿಂಗ್ ಎಂಬ ಹೊಸ ಸೌಲಭ್ಯದೊಂದಿಗೆ ಬಂತು. ಕೆಲವೇ ವಾರಗಳಲ್ಲಿ ನಕಲು ಮಾಡಿದ ಕೆಲವು ಫೈಲುಗಳ ನಡುವೆ ಬರೀ ಸೊನ್ನೆಗಳು ಕಾಣಿಸತೊಡಗಿದವು. ಅನುಮಾನ ಹೊಸ ಸೌಲಭ್ಯದ ಮೇಲೆ ಬಿತ್ತು, 2.2.1ರಲ್ಲಿ ಅದನ್ನು ನಿಲ್ಲಿಸಲಾಯಿತು. ಆಮೇಲೆ ತಿಳಿದದ್ದು, ಮೂಲ ದೋಷ ಹಳೆಯ ಆವೃತ್ತಿಗಳಲ್ಲೂ ಅಡಗಿ ಕೂತಿತ್ತು, ಹೊಸದು ಅದನ್ನು ಹೆಚ್ಚು ಸುಲಭವಾಗಿ ಹೊರಗೆಡವಿತ್ತು ಅಷ್ಟೆ. ನವೆಂಬರ್ ಕೊನೆಗೆ ಬಂದ 2.2.2ರ ಜೊತೆಯಲ್ಲೇ ಹಳೆಯ ಸರಣಿಗೆ 2.1.14 ಕೂಡ ಬಂದದ್ದು ಅದಕ್ಕೇ. ಹಳೆಯದರಲ್ಲೇ ಇದ್ದೇನೆ, ನನಗೇಕೆ ಟಿಪ್ಪಣಿ ಎಂದುಕೊಂಡವರಿಗೆ ಆ ಪರಿಹಾರ ತಲುಪಲೇ ಇಲ್ಲ. ನೀವು ಬಳಸುತ್ತಿರುವ ಸರಣಿಯ ಚಿಕ್ಕ ಬಿಡುಗಡೆಗಳ ಟಿಪ್ಪಣಿಯನ್ನು ದೊಡ್ಡ ಬಿಡುಗಡೆಗಿಂತ ಹೆಚ್ಚು ಶ್ರದ್ಧೆಯಿಂದ ಓದಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತು: ಟಿಪ್ಪಣಿ ಬಿಡುಗಡೆಯ ದಿನವೇ ಪೂರ್ತಿಯಾಗುವುದಿಲ್ಲ. 2023ರ ಡಿಸೆಂಬರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ 12.3 ಆವೃತ್ತಿ ಹೊರಡುವ ಹೊತ್ತಿಗೆ ಅದರ 6.1.64 ಕರ್ನಲ್ ಎಕ್ಸ್ಟ್4 ಫೈಲ್ ಸಿಸ್ಟಂನಲ್ಲಿ ಮಾಹಿತಿ ಕೆಡಿಸಬಹುದೆಂದು ಗೊತ್ತಾಯಿತು. ಇನ್‌ಸ್ಟಾಲ್ ಇಮೇಜುಗಳನ್ನು ತಡೆಹಿಡಿದು, 10ನೇ ತಾರೀಖು 12.4 ಅನ್ನು ಹೊರತಂದರು. ಬಂದ ಗಳಿಗೆಯಲ್ಲೇ ಅಪ್‌ಡೇಟ್ ಮಾಡಿದವರು ಬೆಳಗಾಗುವುದರೊಳಗೆ ಮತ್ತೊಮ್ಮೆ ಮಾಡಬೇಕಾಯಿತು. ಭದ್ರತೆಯ ತುರ್ತು ಇಲ್ಲದಿದ್ದರೆ ಒಂದೆರಡು ವಾರ ಬಿಟ್ಟು ಅದೇ ಪುಟವನ್ನು ಮತ್ತೆ ತೆರೆಯಿರಿ. ‘ತಿಳಿದಿರುವ ಸಮಸ್ಯೆಗಳು’ ಎಂಬಲ್ಲಿ ಮೊದಲ ದಿನ ಇಲ್ಲದ ಸಾಲುಗಳು ಸೇರಿರುತ್ತವೆ.

ಡಿಸ್ಕಿಲ್ಲದ ವ್ಯವಸ್ಥೆಗೇ ವಿಶಿಷ್ಟವಾದ ಒಂದು ಅಪಾಯವಿದೆ. ಎಲ್ಲರಿಗೂ ಮೂಲ ಇಮೇಜ್ ಒಂದೇ. ಪ್ರತಿ ಯಂತ್ರ ಬರೆದದ್ದು ಬೇರೆಯದೇ ಪದರದಲ್ಲಿ ಉಳಿಯುತ್ತದೆ. ರೀಸ್ಟಾರ್ಟ್ ಆದಾಗ ಆ ಪದರ ಅಳಿಸುವ ಹಾಗಿದ್ದರೆ ಚಿಂತೆಯಿಲ್ಲ. ಉಳಿಸಿಕೊಳ್ಳುವ ಹಾಗಿದ್ದರೆ, ಅದರಲ್ಲಿರುವುದು ಮೂಲದ ಇಂತಿಂಥ ಬ್ಲಾಕುಗಳು ಬದಲಾಗಿವೆ ಎಂಬ ಲೆಕ್ಕ ಮಾತ್ರ. ಕೆಳಗಿನ ಮೂಲವನ್ನೇ ಬದಲಾಯಿಸಿದರೆ ಆ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ, ಯಂತ್ರ ಏಳಬಹುದು, ಏಳದಿರಬಹುದು, ಎದ್ದರೂ ಒಳಗೆ ಕೆಟ್ಟಿರಬಹುದು. ‘ಮೂಲ ಇಮೇಜ್ ಮರುನಿರ್ಮಾಣ ಅಗತ್ಯ’ ಎಂದು ಟಿಪ್ಪಣಿ ಹೇಳಿದರೆ ಜನರು ಉಳಿಸಿಟ್ಟ ಕೆಲಸವನ್ನು ಮೊದಲು ಹೊರತೆಗೆದಿಡಿ. ಇದು ಯಂತ್ರದ ಪ್ರಶ್ನೆಯಲ್ಲ, ಯಾರದೋ ವಾರದ ದುಡಿಮೆಯ ಪ್ರಶ್ನೆ.

‘ಕೈಬಿಡಲಾಗುವುದು’ ಎಂಬ ಪಟ್ಟಿಯನ್ನು ಬಹಳ ಜನ ಹಾರಿಸಿಬಿಡುತ್ತಾರೆ, ಏಕೆಂದರೆ ಇವತ್ತಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಮುಂದಿನ ವರ್ಷದ ಕೆಲಸದ ಪಟ್ಟಿ ಅದು. ನೆಟ್‌ವರ್ಕ್ ಬೂಟ್ ಕೈಪಿಡಿಗಳು ವರ್ಷಗಟ್ಟಲೆ ಉದಾಹರಣೆಯಾಗಿ ಕೊಟ್ಟ ಐಎಸ್‌ಸಿ ಡಿಎಚ್‌ಸಿಪಿ ಸರ್ವರಿನ ನಿರ್ವಹಣೆ 2022ರಲ್ಲೇ ನಿಂತಿತು. ಅದರ ಜಾಗದ ಕಿಯಾ ಸರ್ವರಿನ ಸಂರಚನಾ ಫೈಲಿನ ರೂಪವೇ ಬೇರೆ. ನೀವು ಬಳಸುವ ತಂತ್ರಾಂಶ ಒಳಗೊಳಗೇ ಹಳೆಯದನ್ನು ಆಶ್ರಯಿಸಿದ್ದರೆ ಈ ಬದಲಾವಣೆ ಒಂದು ದಿನ ನಿಮ್ಮ ಮನೆ ಬಾಗಿಲಿಗೂ ಬರುತ್ತದೆ.

ಪ್ರಯೋಗಕ್ಕೆ ಒಂದೇ ಒಂದು ಯಂತ್ರವನ್ನು ಆರಿಸಿ. ಅದರ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) ಮಾತ್ರ ಹೊಸ ಬೂಟ್ ಫೈಲ್ ಸಿಗುವಂತೆ ಡಿಎಚ್‌ಸಿಪಿಯಲ್ಲಿ ಬರೆಯಿರಿ, ಹೊಸ ಫೈಲುಗಳನ್ನು ಹಳೆಯದರ ಮೇಲೆ ಹಾಕದೆ ಬೇರೆ ಫೋಲ್ಡರಿನಲ್ಲಿಡಿ. ಪ್ಲಗ್ ಕಿತ್ತು ಮತ್ತೆ ಹಾಕಿ ಏಳಿಸಿ ನೋಡಿ, ಬರೀ ರೀಸ್ಟಾರ್ಟ್ ಸಾಲದು, ನೆಟ್‌ವರ್ಕ್ ಕಾರ್ಡ್ ಎರಡೂ ಸಂದರ್ಭದಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತದೆ ಎಂಬ ಖಾತ್ರಿಯಿಲ್ಲ. ಬಯಾಸ್ ಯಂತ್ರ ಒಂದು, ಯುಇಎಫ್‌ಐ ಯಂತ್ರ ಒಂದು, ಸೆಕ್ಯೂರ್ ಬೂಟ್ ಇರುವುದು ಒಂದು, ನಿಮ್ಮಲ್ಲಿ ಎಷ್ಟು ಬಗೆ ಇವೆಯೋ ಅಷ್ಟನ್ನೂ ಹೀಗೆ ದಾಟಿಸಿ. ಕೊನೆಗೆ ಒಂದು ರಜೆಯ ದಿನ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ. ಒಂದು ಯಂತ್ರಕ್ಕೆ ಸಲೀಸಾಗಿ ಡಿಸ್ಕ್ ಕೊಟ್ಟ ಸರ್ವರ್, ನಲವತ್ತು ಯಂತ್ರಗಳು ಒಂದೇ ನಿಮಿಷದಲ್ಲಿ ಕೈಚಾಚಿದಾಗ ತಡವರಿಸುವುದಿದೆ. ಅದು ಕೆಲಸದ ದಿನದ ಬೆಳಗ್ಗೆ ಗೊತ್ತಾಗುವುದಕ್ಕಿಂತ ರಜೆಯ ದಿನ ಗೊತ್ತಾದರೆ, ಹಳೆಯ ಫೋಲ್ಡರಿನ ಹೆಸರನ್ನು ಡಿಎಚ್‌ಸಿಪಿಯಲ್ಲಿ ಮತ್ತೆ ಬರೆದು ಬಾಗಿಲು ಹಾಕಿಕೊಂಡು ಹೊರಡಬಹುದು.