21.9 ಮತ್ತು 21.9: ಭಾರತ, ಪಾಕಿಸ್ತಾನದ ಬಡತನವನ್ನು ಹೋಲಿಸುವ ಮುನ್ನ

ಭಾರತದಲ್ಲಿ 2011-12ರಲ್ಲಿ ಬಡವರ ಪ್ರಮಾಣ ಶೇ 21.9. ಪಾಕಿಸ್ತಾನದಲ್ಲಿ 2018-19ರಲ್ಲಿ ಬಡವರ ಪ್ರಮಾಣ ಶೇ 21.9. ಎರಡೂ ಆಯಾ ಸರ್ಕಾರಗಳೇ ಕೊಟ್ಟ ಅಂಕಿಗಳು. ಇದು ಸಾಲದೆಂಬಂತೆ ಇನ್ನೊಂದು ಜೋಡಿಯೂ ಇದೆ. ಯೋಜನಾ ಆಯೋಗ ನೇಮಿಸಿದ್ದ ರಂಗರಾಜನ್ ಸಮಿತಿಯ ಲೆಕ್ಕದಲ್ಲಿ 2011-12ರ ಭಾರತದ ಬಡತನ ಶೇ 29.5, ಪಾಕಿಸ್ತಾನದ ಹೊಸ ಬಡತನ ರೇಖೆಯ ಪ್ರಕಾರ 2013-14ರಲ್ಲಿ ಅಲ್ಲಿನ ಬಡತನವೂ ಶೇ 29.5. ದಶಮಾಂಶದ ತನಕ ಕೂಡಿಬರುವ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಒಂದು ದೇಶ ಇನ್ನೊಂದಕ್ಕಿಂತ ಇಷ್ಟು ವರ್ಷ ಹಿಂದಿದೆ ಎಂದು ತೀರ್ಪು ಕೊಡುವುದು ಬಲು ಸುಲಭ. ಆದರೆ ಆ ತೀರ್ಪು ಬುಡದಿಂದಲೇ ತಪ್ಪು. ಅದೇ 2011-12ರ ಭಾರತವನ್ನೂ 2018-19ರ ಪಾಕಿಸ್ತಾನವನ್ನೂ ವಿಶ್ವ ಬ್ಯಾಂಕಿನ ದಿನಕ್ಕೆ 3 ಡಾಲರ್ ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದರೆ ಭಾರತದ್ದು ಶೇ 27.1, ಪಾಕಿಸ್ತಾನದ್ದು ಶೇ 16.5.

ಅಂದರೆ ಸರ್ಕಾರಿ ಲೆಕ್ಕದಲ್ಲಿ ಸರಿಸಮವಾಗಿದ್ದ ಎರಡು ಸಮಾಜಗಳ ನಡುವೆ, ಅಳತೆಗೋಲು ಬದಲಾಯಿಸಿದ್ದೇ ತಡ, ಹತ್ತಕ್ಕೂ ಹೆಚ್ಚು ಅಂಶಗಳ ಅಂತರ ಕಾಣಿಸಿಕೊಂಡಿತು. ಟಿ.ವಿ. ಚರ್ಚೆಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಎರಡೂ ಕಡೆಯವರು ತಮಗೆ ಬೇಕಾದ ಅಂಕಿಯನ್ನಷ್ಟೇ ಎತ್ತಿ ಬೀಸುತ್ತಾರೆ. ಆ ಅಂಕಿ ಹುಟ್ಟಿದ್ದು ಹೇಗೆ ಎಂದು ಕೇಳುವವರು ಕಡಿಮೆ. ಜ್ವರ ಎಷ್ಟಿದೆ ಎನ್ನುವಾಗ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ತಪ್ಪದೆ ಕೇಳುವ ನಾವು ಕೋಟ್ಯಂತರ ಜನರ ಬದುಕಿನ ಲೆಕ್ಕದಲ್ಲಿ ಅದನ್ನೇ ಮರೆಯುತ್ತೇವೆ.

ಮೊದಲು ರೇಖೆಯ ವಿಚಾರ, ಅಂದರೆ ಖರ್ಚು ಇದಕ್ಕಿಂತ ಕಡಿಮೆ ಇದ್ದವರು ಬಡವರು ಎಂದು ಎಳೆಯುವ ಗೆರೆ. ಶೇ 21.9 ಎಂಬ ಅಂಕಿ ಕೊಟ್ಟ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ಭಾರತದ ರೇಖೆ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 816 ರೂಪಾಯಿ, ಪೇಟೆಯಲ್ಲಿ 1,000 ರೂಪಾಯಿ. ಇದು ಸರಾಸರಿ, ರಾಜ್ಯದಿಂದ ರಾಜ್ಯಕ್ಕೆ ರೇಖೆ ಬೇರೆ. ಒಡಿಶಾದ ಹಳ್ಳಿಗೆ 695 ರೂಪಾಯಿ ಇದ್ದರೆ ಕೇರಳದ ಹಳ್ಳಿಗೆ 1,018. ರಂಗರಾಜನ್ ಸಮಿತಿ ಇದನ್ನು ಹಳ್ಳಿಗೆ 972, ಪೇಟೆಗೆ 1,407 ರೂಪಾಯಿಗೆ ಏರಿಸಿತು. ಅದೇ ವರ್ಷ, ಅದೇ ದೇಶ. ಬಡವರ ಸಂಖ್ಯೆ ಮಾತ್ರ ಸುಮಾರು 26.9 ಕೋಟಿಯಿಂದ 36.3 ಕೋಟಿಗೆ ಹೋಯಿತು. ಪಾಕಿಸ್ತಾನದಲ್ಲಿ ಇದಕ್ಕಿಂತ ದೊಡ್ಡ ಜಿಗಿತ ನಡೆದಿದೆ. 2013-14ರ ಸಮೀಕ್ಷೆಗೆ ಹಳೆಯ ರೇಖೆಯನ್ನು ಹಚ್ಚಿದರೆ ಬಡತನ ಶೇ 9.3, ಮೂಲಭೂತ ಅಗತ್ಯಗಳ ವೆಚ್ಚ ಆಧರಿಸಿದ ಹೊಸ ರೇಖೆಯನ್ನು ಹಚ್ಚಿದರೆ ಶೇ 29.5. ಯಾರ ಮನೆಯ ಒಲೆಯಲ್ಲೂ ಏನೂ ಬದಲಾಗಿರಲಿಲ್ಲ.

ಪಾಕಿಸ್ತಾನದ ಆ ಹೊಸ ರೇಖೆ ತಿಂಗಳಿಗೆ 3,030 ಪಾಕಿಸ್ತಾನಿ ರೂಪಾಯಿ. ಆದರೆ ಅದು ತಲೆಗೆ ಅಲ್ಲ, 'ವಯಸ್ಕ ಸಮಾನ'ಕ್ಕೆ. ಹೋಲಿಸುವವರು ಬಹುತೇಕ ಎಡವುವುದು ಇಲ್ಲೇ. ಅಲ್ಲಿ ದೊಡ್ಡವರನ್ನು 1 ಎಂದೂ 18 ವರ್ಷದೊಳಗಿನವರನ್ನು 0.8 ಎಂದೂ ಎಣಿಸುತ್ತಾರೆ. ಇಬ್ಬರು ದೊಡ್ಡವರು, ಮೂವರು ಮಕ್ಕಳಿರುವ ಮನೆ ಅಲ್ಲಿ 5 ಅಲ್ಲ, 4.4. ಆ ಮನೆ ಬಡತನ ದಾಟಲು ತಿಂಗಳಿಗೆ 13,332 ರೂಪಾಯಿ ಖರ್ಚು ಮಾಡುವಂತಿರಬೇಕು. ತಲೆಗೆ ಭಾಗಿಸಿದರೆ ಸುಮಾರು 2,666. ಐವರೂ ದೊಡ್ಡವರಾದರೆ ಅದೇ 15,150 ಆಗುತ್ತದೆ. ಭಾರತದ ಹಳ್ಳಿಯಲ್ಲಿ ಐವರ ಮನೆಗೆ, ಮಕ್ಕಳಿರಲಿ ಮುದುಕರಿರಲಿ, ಸರಾಸರಿ ರೇಖೆ 4,080 ರೂಪಾಯಿಯೇ. ಮಕ್ಕಳೇ ಹೆಚ್ಚಿರುವ ದೇಶದಲ್ಲಿ 3,030 ಅನ್ನು ತಲಾ ರೇಖೆ ಎಂದು ಓದಿದರೆ ರೇಖೆ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ.

ಎರಡೂ ರೇಖೆಗಳಿಗೆ ಒಬ್ಬರೇ ಹಿರಿಯರಿದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. 1876ರಲ್ಲಿ ದಾದಾಭಾಯಿ ನವರೋಜಿ ಭಾರತದ ಬಡತನದ ಕುರಿತು ತಮ್ಮ ಪ್ರಬಂಧವನ್ನು ಮುಂಬೈಯಲ್ಲಿ ಓದಿದರು. ಕಲ್ಕತ್ತೆಯಿಂದ ಹಡಗು ಹತ್ತುತ್ತಿದ್ದ ಕೂಲಿಗಳಿಗೆ ಗೊತ್ತುಮಾಡಿದ್ದ ಊಟದ ಪಟ್ಟಿಯನ್ನು ಹಿಡಿದು, 1867-68ರ ಬೆಲೆಗಳಲ್ಲಿ ಒಬ್ಬ ಮನುಷ್ಯ ಬದುಕಿರಲು ವರ್ಷಕ್ಕೆ ಎಷ್ಟು ಬೇಕು ಎಂದು ಅವರು ಲೆಕ್ಕ ಹಾಕಿದ್ದರು. ಪ್ರಾಂತ್ಯಕ್ಕೆ ತಕ್ಕಂತೆ 16ರಿಂದ 35 ರೂಪಾಯಿ ಬಂತು. ಆಗ ಲಾಹೋರೂ ಕರಾಚಿಯೂ ಆ ಲೆಕ್ಕದ ಒಳಗೇ ಇದ್ದವು. ಊಟದ ಬುಟ್ಟಿಯಿಂದ ರೇಖೆ ಎಳೆಯುವ ಆ ಕ್ರಮ ಎರಡೂ ದೇಶಗಳಲ್ಲಿ ಉಳಿದುಕೊಂಡಿತು. ಭಾರತದ 1979ರ ಕಾರ್ಯಪಡೆ ಹಳ್ಳಿಗೆ 2,400, ಪೇಟೆಗೆ 2,100 ಕ್ಯಾಲೊರಿ ಎಂದು ಹಿಡಿದು 1973-74ರ ಬೆಲೆಯಲ್ಲಿ 49.09 ಮತ್ತು 56.64 ರೂಪಾಯಿಯ ರೇಖೆ ಎಳೆಯಿತು. ಪಾಕಿಸ್ತಾನ ವಯಸ್ಕ ಸಮಾನಕ್ಕೆ 2,350 ಕ್ಯಾಲೊರಿ ಎಂದು ಹಿಡಿಯಿತು. ತೆಂಡೂಲ್ಕರ್ ವಿಧಾನ ಬಂದ ಮೇಲೆ ಭಾರತ ರೇಖೆಯನ್ನು ಕ್ಯಾಲೊರಿಗೆ ಕಟ್ಟಿದ್ದ ಗಂಟನ್ನು ಬಿಚ್ಚಿತು; ಪಾಕಿಸ್ತಾನ ಬಿಚ್ಚಲಿಲ್ಲ.

ರೇಖೆಯ ಜಗಳ ಎಲ್ಲರಿಗೂ ಕಾಣುತ್ತದೆ. ಕಾಣದೆ ಕೆಲಸ ಮಾಡುವುದು ಪ್ರಶ್ನೆ. ಬಡತನದ ಅಂಕಿ ಹುಟ್ಟುವುದು ಸಮೀಕ್ಷಕರು ಮನೆಯ ಜಗಲಿಯಲ್ಲಿ ಕೂತು ಕೇಳುವ ಒಂದು ಪ್ರಶ್ನೆಯಿಂದ: 'ಕಳೆದ ಇಷ್ಟು ದಿನಗಳಲ್ಲಿ ಮನೆಯಲ್ಲಿ ಎಷ್ಟು ಅಡುಗೆ ಎಣ್ಣೆ ಖರ್ಚಾಯಿತು?' ಆ 'ಇಷ್ಟು ದಿನ' ಎಂಬುದು 7 ಆದರೆ ಒಂದು ಉತ್ತರ, 30 ಆದರೆ ಇನ್ನೊಂದು. ಮೊಟ್ಟೆ, ಸೊಪ್ಪು, ಬೀಡಿ, ಹೋಟೆಲಿನ ಚಹಾ, ಇಂಥ ಚಿಲ್ಲರೆ ಖರ್ಚುಗಳು ತಿಂಗಳೊಪ್ಪತ್ತಿನಲ್ಲಿ ಮರೆತುಹೋಗುತ್ತವೆ. ವಾರದ ಲೆಕ್ಕ ಕೇಳಿದರೆ ನೆನಪು ಹಸಿಯಾಗಿರುತ್ತದೆ, ಜೊತೆಗೆ ಎಂಟೊಂಬತ್ತು ದಿನದ ಹಿಂದಿನದೂ ವಾರದೊಳಗೆ ನುಸುಳಿಬಿಡುತ್ತದೆ. ಹಾಗಾಗಿ ವಾರದ ಉತ್ತರವನ್ನು ತಿಂಗಳಿಗೆ ಗುಣಿಸಿದಾಗ ಖರ್ಚು ಹೆಚ್ಚು ಕಾಣುತ್ತದೆ. 1950ರ ದಶಕದ ಆರಂಭದಲ್ಲೇ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಮತ್ತು ಸಂಗಡಿಗರು ಬಂಗಾಳದ ಹಳ್ಳಿಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದರು. ಧಾನ್ಯವನ್ನು ತೂಗಿ ಅಳೆದದ್ದಕ್ಕೆ ತಿಂಗಳ ಉತ್ತರವೇ ಹತ್ತಿರ ಬಂದದ್ದರಿಂದ ಭಾರತ ದಶಕಗಳ ಕಾಲ 30 ದಿನಕ್ಕೆ ಅಂಟಿಕೊಂಡಿತು.

ಬಟ್ಟೆ, ಚಪ್ಪಲಿ, ಶಾಲೆಯ ಶುಲ್ಕದ ವಿಷಯದಲ್ಲಿ ನಡೆಯುವುದು ಇನ್ನೂ ಸೂಕ್ಷ್ಮ. ಇವುಗಳನ್ನು 30 ದಿನದ ಲೆಕ್ಕದಲ್ಲಿ ಕೇಳಿದರೆ ಬಹುಪಾಲು ಮನೆಗಳ ಉತ್ತರ ಸೊನ್ನೆ, ಆ ತಿಂಗಳಲ್ಲಿ ಕೊಂಡ ಕೆಲವರ ಉತ್ತರ ಮಾತ್ರ ದೊಡ್ಡದು. 365 ದಿನ ಎಂದು ಕೇಳಿ 12ರಿಂದ ಭಾಗಿಸಿದರೆ ಸೊನ್ನೆಗಳು ಮಾಯವಾಗುತ್ತವೆ. ಮರೆವಿನಿಂದ ದೇಶದ ಸರಾಸರಿ ತಗ್ಗಬಹುದು, ಆದರೆ ಕೆಳಗಿನ ಸಾಲಿನ ಮನೆಗಳ ಲೆಕ್ಕ ಮೇಲೇರುತ್ತದೆ. ಸರಾಸರಿ ಇಳಿದರೂ ಬಡತನ ಇಳಿಯುವ ವಿಚಿತ್ರ ಇದು. ಬೇಗ ಕೆಡುವ ಪದಾರ್ಥಕ್ಕೆ 7, ಧಾನ್ಯ ಇಂಧನಗಳಿಗೆ 30, ಬಟ್ಟೆಬರೆಗೆ 365 ದಿನ ಎಂಬ ಮಿಶ್ರ ಕ್ರಮಕ್ಕೆ ಹೊರಳಿದಾಗ, ವಿಶ್ವ ಬ್ಯಾಂಕ್ ಹಿಂದೆ ಬಳಸುತ್ತಿದ್ದ ದಿನಕ್ಕೆ 1.90 ಡಾಲರ್ ರೇಖೆಯಲ್ಲಿ 2011-12ರ ಭಾರತದ ಬಡತನ ಶೇ 21.2ರಿಂದ 12.4ಕ್ಕೆ ಇಳಿಯಿತು. ಬದಲಾದದ್ದು ಪ್ರಶ್ನೆ ಮಾತ್ರ.

ಎರಡು ಪ್ರಶ್ನೆಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ 1999-2000ದ ಸಮೀಕ್ಷೆ ಪಾಠ. ಆಗ ಆಹಾರಕ್ಕೆ 7 ದಿನ ಮತ್ತು 30 ದಿನದ ಅಂಕಣಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟರು. ವಾರಕ್ಕೆ ಒಂದು ಲೀಟರ್ ಎಂದವರು ತಿಂಗಳಿಗೆ ಮೂರು ಎನ್ನಲು ಹಿಂಜರಿದರು. ಒಂದು ಅಂಕಣ ಇನ್ನೊಂದನ್ನು ಎಳೆದುಕೊಂಡಿತು. ಶೇ 36.0 ಇದ್ದ ಬಡತನ ಆರೇ ವರ್ಷದಲ್ಲಿ ಶೇ 26.1ಕ್ಕೆ ಇಳಿಯಿತೆಂಬ ಅಧಿಕೃತ ಘೋಷಣೆಯನ್ನು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಾಲಾಡಬೇಕಾಯಿತು.

ಪಾಕಿಸ್ತಾನದ ಸಮೀಕ್ಷೆ ಹಾಲು, ಮಾಂಸ, ತರಕಾರಿಯಂಥವನ್ನು 14 ದಿನದ ಲೆಕ್ಕದಲ್ಲಿ, ಗೋಧಿ ಬೇಳೆಗಳನ್ನು ತಿಂಗಳ ಲೆಕ್ಕದಲ್ಲಿ ಕೇಳುತ್ತದೆ. ಭಾರತದ 2022-23ರ ಸಮೀಕ್ಷೆ ಒಂದೇ ಮನೆಗೆ ಮೂರು ಬಾರಿ ಹೋಗಿ, ಆಹಾರಕ್ಕೆ ಒಂದು, ದಿನಬಳಕೆ ಹಾಗೂ ಸೇವೆಗಳಿಗೆ ಒಂದು, ಬಾಳಿಕೆಯ ವಸ್ತುಗಳಿಗೆ ಒಂದು ಪ್ರಶ್ನಾವಳಿ ತುಂಬಿಸಿಕೊಂಡಿತು. 347 ಇದ್ದ ಪದಾರ್ಥಗಳ ಪಟ್ಟಿಯನ್ನು 405ಕ್ಕೆ ಬೆಳೆಸಿತು. ಪಟ್ಟಿ ಉದ್ದವಾದಷ್ಟೂ, ದಣಿವು ಕಡಿಮೆಯಾದಷ್ಟೂ ಖರ್ಚು ಹೆಚ್ಚು ನೆನಪಾಗುತ್ತದೆ. ಇದು ಒಳ್ಳೆಯ ಸುಧಾರಣೆಯೇ. ಆದರೆ ಇದರಿಂದ ಭಾರತದ 2022-23 ತನ್ನದೇ 2011-12ಕ್ಕೂ ಪೂರ್ತಿ ಹೋಲುವುದಿಲ್ಲ, ಇನ್ನು ನೆರೆಯ ದೇಶದ ಮಾತೇನು? ನಡುವೆ ಆಸರೆಗೆ ಬರಬೇಕಿದ್ದ 2017-18ರ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಕೊಟ್ಟು ಸರ್ಕಾರ ಪ್ರಕಟಿಸಲಿಲ್ಲ. ಹನ್ನೊಂದು ವರ್ಷ ಕತ್ತಲು.

ಎರಡು ಬಗೆಯ ರೂಪಾಯಿಗಳನ್ನು ಒಂದಾಗಿಸುವ ಕೆಲಸಕ್ಕೆ ವಿನಿಮಯ ದರ ನಂಬಲರ್ಹವಲ್ಲ. 2017ರಲ್ಲಿ ಮಾರುಕಟ್ಟೆಯಲ್ಲಿ ಒಂದು ಡಾಲರಿಗೆ 65.12 ಭಾರತೀಯ ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವುದನ್ನು ಭಾರತದಲ್ಲಿ ಕೊಳ್ಳಲು 20.65 ರೂಪಾಯಿ ಸಾಕಿತ್ತು. ಈ ಕೊಳ್ಳುವ ಶಕ್ತಿಯ ದರದಲ್ಲೇ ವಿಶ್ವ ಬ್ಯಾಂಕಿನ ಡಾಲರ್ ರೇಖೆಗಳಿರುವುದು. 'ದಿನಕ್ಕೆ 3 ಡಾಲರ್ ಅಂದರೆ ಇನ್ನೂರೈವತ್ತು ರೂಪಾಯಿ, ಅಷ್ಟು ದುಡಿಯುವವನು ಬಡವನೇ?' ಎಂಬ ವಾದದಲ್ಲಿ ಹುರುಳಿಲ್ಲದಿರುವುದು ಇದರಿಂದಲೇ.

2025ರ ಜೂನ್‌ನಲ್ಲಿ ವಿಶ್ವ ಬ್ಯಾಂಕ್ ಕಡುಬಡತನದ ರೇಖೆಯನ್ನು 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಭಾರತದ ಅಂಕಿ ಶೇ 2.3ರಿಂದ 5.3ಕ್ಕೆ ಹೋದರೆ ಪಾಕಿಸ್ತಾನದ್ದು ಶೇ 4.9ರಿಂದ 16.5ಕ್ಕೆ ನೆಗೆಯಿತು. ಪಾಕಿಸ್ತಾನ ರಾತ್ರೋರಾತ್ರಿ ಕುಸಿಯಿತೆಂದು ಶೀರ್ಷಿಕೆಗಳು ಬಂದವು. ನಡೆದದ್ದು ಬೇರೆ. ಹೊಳೆಯ ದಂಡೆಯ ಇಳಿಜಾರಿನಲ್ಲಿ ಎರಡು ಊರುಗಳಿವೆ ಎಂದುಕೊಳ್ಳಿ. ಒಂದರ ಮನೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಗುಂಪುಗಟ್ಟಿವೆ, ಇನ್ನೊಂದರವು ಮೇಲ್ಗಡೆ ಚದುರಿವೆ. ನೀರು ಒಂದೇ ಮೊಳ ಏರಿದರೂ ಮೊದಲ ಊರಿನಲ್ಲಿ ಮುಳುಗುವ ಮನೆಗಳು ಹಲವು ಪಟ್ಟು. ರೇಖೆಯ ಆಸುಪಾಸಿನಲ್ಲಿ ಎಷ್ಟು ಜನ ನಿಂತಿದ್ದಾರೆ ಎಂಬುದೇ ಈ ಜಿಗಿತವನ್ನು ನಿರ್ಧರಿಸುತ್ತದೆ. ರೇಖೆಯನ್ನು 4.20 ಡಾಲರಿಗೆ ಏರಿಸಿದರೆ ಭಾರತದಲ್ಲಿ ಶೇ 23.9, ಪಾಕಿಸ್ತಾನದಲ್ಲಿ ಶೇ 44.7. ಬೆಲೆಯೇರಿಕೆ, ಪ್ರವಾಹ, ಒಂದು ಕಾಯಿಲೆ, ಇವು ಯಾವ ದೇಶದಲ್ಲಿ ಹೆಚ್ಚು ಜನರನ್ನು ಕೆಳಕ್ಕೆ ತಳ್ಳಬಲ್ಲವು ಎಂಬುದನ್ನು ಈ ಎರಡನೇ ಜೋಡಿ ಚೆನ್ನಾಗಿ ತೋರಿಸುತ್ತದೆ.

ಅಲ್ಲಿಯೂ ಒಂದು ಎಚ್ಚರ ಬೇಕು. ಭಾರತದ 5.3 ಕೋವಿಡ್ ನಂತರದ 2022-23ರದು. ಪಾಕಿಸ್ತಾನದ 16.5 ಕೋವಿಡ್‌ಗೂ ಮುಂಚಿನ 2018-19ರದು; 2022ರ ಮಹಾ ಪ್ರವಾಹವಾಗಲಿ, 2023ರ ಮೇ ತಿಂಗಳಲ್ಲಿ ಶೇ 38 ಮುಟ್ಟಿದ ಹಣದುಬ್ಬರವಾಗಲಿ ಅದರಲ್ಲಿಲ್ಲ. 2023-24ಕ್ಕೆ ಪಾಕಿಸ್ತಾನದ ರಾಷ್ಟ್ರೀಯ ರೇಖೆಯಲ್ಲಿ ವಿಶ್ವ ಬ್ಯಾಂಕ್ ಕೊಡುವ ಶೇ 25.3 ಎಂಬುದು ಮನೆಮನೆಗೆ ಹೋಗಿ ಕೇಳಿದ್ದಲ್ಲ, ಹಳೆಯ ಸಮೀಕ್ಷೆಯ ಮೇಲೆ ಕಟ್ಟಿದ ಅಂದಾಜು. ದೇಶದ ಸರಾಸರಿ ಮುಚ್ಚಿಡುವುದೂ ಬಹಳ. ಆರೋಗ್ಯ, ಶಿಕ್ಷಣ, ಜೀವನಮಟ್ಟದ ಕೊರತೆಗಳನ್ನು ಎಣಿಸುವ ನೀತಿ ಆಯೋಗದ ಬಹುಆಯಾಮದ ಬಡತನದ ಲೆಕ್ಕದಲ್ಲಿ 2019-21ರಲ್ಲಿ ಬಿಹಾರದ್ದು ಶೇ 33.76, ಕೇರಳದ್ದು ಶೇ 0.55. ಪಾಕಿಸ್ತಾನದ 2014-15ರ ಇಂಥದೇ ಲೆಕ್ಕದಲ್ಲಿ ಪಂಜಾಬ್ ಶೇ 31 ಇದ್ದರೆ ಬಲೂಚಿಸ್ತಾನ ಶೇ 71.

ಹಣದ ಲೆಕ್ಕವೊಂದೇ ಸಾಲದು, ಮನುಷ್ಯರನ್ನು ಅಳೆಯಬೇಕೆಂಬ ಹಟ ಹಿಡಿದವರು ಈ ಉಪಖಂಡದವರೇ ಆದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಜಮ್ಮುವಿನಲ್ಲಿ ಹುಟ್ಟಿ, ದೇಶವಿಭಜನೆಯ ವೇಳೆ ಪಾಕಿಸ್ತಾನಕ್ಕೆ ಹೋದ ಅವರು ಕೇಂಬ್ರಿಜ್ ಗೆಳೆಯ ಅಮರ್ತ್ಯ ಸೇನ್ ಅವರ ನೆರವಿನೊಂದಿಗೆ 1990ರಲ್ಲಿ ಆಯುಷ್ಯ, ಶಿಕ್ಷಣ, ಆದಾಯ ಮೂರನ್ನೂ ಸೇರಿಸಿ ಸೊನ್ನೆಯಿಂದ 1ರವರೆಗೆ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಹೊರತಂದರು. 2023ರ ಅಂಕಿಗಳಲ್ಲಿ ಭಾರತ 0.685, ಪಾಕಿಸ್ತಾನ 0.544. ಬಾಂಗ್ಲಾದೇಶವೂ ಭಾರತದಷ್ಟೇ, 0.685.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ನೇರವಾದದ್ದು ಮಕ್ಕಳ ಎತ್ತರ. ಅದಕ್ಕೆ ನೆನಪು ಬೇಡ, ವಿನಿಮಯ ದರ ಬೇಡ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ, ದೊಡ್ಡದನ್ನು ನಿಲ್ಲಿಸಿ ಅಳೆಯುತ್ತಾರೆ. ಚಿಕ್ಕ ಮಗುವನ್ನು ನಿಲ್ಲಿಸಿ ಅಳೆದಿದ್ದರೆ 0.7 ಸೆಂಟಿಮೀಟರ್ ಸೇರಿಸಬೇಕು. ಭಾರತದಲ್ಲಿ 2019-21ರಲ್ಲಿ ಐದರೊಳಗಿನ ಮಕ್ಕಳಲ್ಲಿ ಶೇ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಪಾಕಿಸ್ತಾನದಲ್ಲಿ 2017-18ರಲ್ಲಿ ಶೇ 37.6. ಹಣದ ಬಡತನದಲ್ಲಿ ಮೂರು ಪಟ್ಟು ಅಂತರ ಕಂಡ ದೇಶಗಳು ಇಲ್ಲಿ ಹೆಚ್ಚುಕಡಿಮೆ ಹೆಗಲಿಗೆ ಹೆಗಲು. ಶಿಶು ಮರಣದಲ್ಲಿ ಮಾತ್ರ ಅದೇ ಸಮೀಕ್ಷೆಗಳು ಸಾವಿರಕ್ಕೆ 35 ಮತ್ತು 62 ಎನ್ನುತ್ತವೆ. ಬದುಕಿ ಉಳಿಯುವುದು, ಬೆಳೆಯುವುದು ಎರಡೂ ಬೇರೆ ಬೇರೆ ಕಾರಣಗಳಿಗೆ ಕಟ್ಟುಬಿದ್ದಿವೆ.

ಈ ಅಳತೆಯೂ ಜಾರುತ್ತದೆ. ಎತ್ತರಕ್ಕೆ ಹೋಲಿಸಿದರೆ ತೂಕ ಕಡಿಮೆ ಇರುವ ಮಕ್ಕಳು ಪಾಕಿಸ್ತಾನದ ಅದೇ 2017-18ರ ಸಮೀಕ್ಷೆಯಲ್ಲಿ ಶೇ 7.1, ಅದರ ಬೆನ್ನಿಗೇ ಬಂದ 2018ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಶೇ 17.7. ಭಾರತದ ಶೇ 19.3ನ್ನು ಮೊದಲನೆಯದರ ಪಕ್ಕ ಇಟ್ಟರೆ ದೊಡ್ಡ ಸೋಲು, ಎರಡನೆಯದರ ಪಕ್ಕ ಇಟ್ಟರೆ ಹೆಚ್ಚುಕಡಿಮೆ ಸಮ. ತೂಕ ಋತುವಿಗೆ, ಭೇದಿ ಜ್ವರಗಳಿಗೆ ತಕ್ಕಂತೆ ವಾರಗಳಲ್ಲೇ ಏರಿಳಿಯುತ್ತದೆ.

'ನಮ್ಮ ಮಕ್ಕಳು ಹುಟ್ಟಾ ಕುಳ್ಳರು, ಅದಕ್ಕೆ ಈ ಅಂಕಿ' ಎನ್ನುವವರು ಎರಡೂ ದೇಶಗಳಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ ಚೆನ್ನಾಗಿ ಆರೈಕೆ ಪಡೆದ ಮಕ್ಕಳನ್ನು ಅಳೆದೇ ವಯಸ್ಸಿಗೆ ತಕ್ಕ ಎತ್ತರದ ಮಾನದಂಡ ರೂಪಿಸಿದ್ದು. ಆರೈಕೆ ಸಿಕ್ಕ ದೆಹಲಿಯ ಮಕ್ಕಳು ಉಳಿದ ದೇಶಗಳ ಮಕ್ಕಳ ಹಾಗೆಯೇ ಬೆಳೆದಿದ್ದರು. ಎತ್ತರ ತಪ್ಪುವುದು ಹೆಚ್ಚಾಗಿ ಗರ್ಭದಿಂದ ಎರಡನೇ ಹುಟ್ಟುಹಬ್ಬದೊಳಗೆ: ತಾಯಿಯ ಊಟ, ಕುಡಿಯುವ ನೀರು, ಪದೇಪದೇ ಬರುವ ಸೋಂಕು. ಹಾಗಾಗಿ 2019-21ರಲ್ಲಿ ಅಳೆದ ನಾಲ್ಕೂವರೆ ವರ್ಷದ ಮಗುವಿನ ಎತ್ತರದಲ್ಲಿ ದಾಖಲಾಗಿರುವುದು ಬಹುಮಟ್ಟಿಗೆ 2014ರಿಂದ 2018ರ ನಡುವಿನ ಆ ಮನೆಯ ಸ್ಥಿತಿ. ಅದನ್ನು 2022-23ರ ಖರ್ಚಿನ ಲೆಕ್ಕದ ಎದುರು ನಿಲ್ಲಿಸಿ, ಹಣ ಬಂದರೂ ಮಕ್ಕಳು ಬೆಳೆಯಲಿಲ್ಲ ಎಂದು ಈಗಲೇ ಹೇಳಲಾಗದು. ಆ ಹಣದ ಗುರುತು ಕಾಣಬೇಕಾದದ್ದು 2022ರ ನಂತರ ಹುಟ್ಟಿದ ಮಕ್ಕಳಲ್ಲಿ.