ಕಟ್ಟ ಹೋಯಿತು, ಕಿಂಡಿ ಬಂತು, ಹಲಗೆ ಹಾಕುವವರು ಯಾರು?

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆದರೂ ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಬಯಲುಸೀಮೆಯ ನೆಂಟರಿಗೆ ಹೇಳಿದರೆ ನಗುತ್ತಾರೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಜಾಸ್ತಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಕುಡಿದ ನೀರನ್ನು ಬೇಗ ಬಿಟ್ಟುಕೊಡುತ್ತದೆ.

ಹಿಂದಿನವರು ಇದಕ್ಕೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ ಕಟ್ಟುತ್ತಿದ್ದರು. ಮಳೆ ನಿಂತು ತೋಡಿನ ಹರಿವು ತಗ್ಗುತ್ತಿದ್ದಂತೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಬೈಲಿನವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಕಾಂಡ ಹಾಕಿ ನೀರಿಗೆ ಅಡ್ಡ ನಿಲ್ಲಿಸುತ್ತಿದ್ದರು. ಮಳೆಗಾಲದ ಏಣೆಲು ಭತ್ತಕ್ಕೆ ಇದು ಬೇಡ. ಆಮೇಲಿನ ಸುಗ್ಗಿ, ಕೊಳಕೆ ಬೆಳೆಗಳಿಗೆ ಬೇಕೇ ಬೇಕು. ಒಂದೇ ತೋಡಿಗೆ ಸಾಲಾಗಿ ಕಟ್ಟಗಳಿದ್ದರೆ ಮೇಲಿನದರಲ್ಲಿ ಸೋರಿದ್ದು ಕೆಳಗಿನದಕ್ಕೆ ಸಿಗುತ್ತಿತ್ತು. ಎರಡೂ ದಡದ ಬಾವಿಗಳಿಗೂ ಒರತೆ ಇರುತ್ತಿತ್ತು. ಜೂನ್ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತಿತ್ತು. ಹೋಗಲಿ ಅಂತಲೇ ಕಟ್ಟಿದ್ದು, ಅಲ್ವಾ?

ಆಮೇಲೆ 1974ರ ಭೂಸುಧಾರಣೆ, ಗದ್ದೆಯಲ್ಲಿ ಅಡಿಕೆ, ಪಂಪ್‌ಸೆಟ್, ಕೊಳವೆಬಾವಿ, 10 ಎಚ್‌ಪಿವರೆಗೆ ಉಚಿತ ವಿದ್ಯುತ್. ಸ್ವಿಚ್ ಒತ್ತಿದರೆ ನೀರು ಬರುವಾಗ ತೋಡಿಗೆ ಇಳಿಯುವವರು ಯಾರು? (ಇಳಿಯುವ ಬದಲು ಗುಡ್ಡದೊಳಗೆ ಹೋದವರೂ ಇದ್ದಾರೆ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ನೀರು ತಂದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.)

ಕಟ್ಟದ ಜಾಗಕ್ಕೆ ಬಂದದ್ದು ಕಿಂಡಿ ಅಣೆಕಟ್ಟು. ಕಾಂಕ್ರೀಟ್ ಕಂಬ, ನಡುವೆ ಕಿಂಡಿ. ಮಳೆಗಾಲದಲ್ಲಿ ಕಿಂಡಿ ತೆರೆದಿರುತ್ತದೆ. ಮಳೆ ಮುಗಿದ ಮೇಲೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಕಡಲ ಹತ್ತಿರ ಇದೇ ಹಲಗೆ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುತ್ತದೆ. ಮೇಲೆ ಓಡಾಡಲು ಸೇತುವೆಯೂ ಆಯಿತು. ಒಳ್ಳೆಯ ವಿಚಾರವೇ.

ತೊಂದರೆ ಇರುವುದು ದಿನದ ಲೆಕ್ಕದಲ್ಲಿ. ಬೇಗ ಹಾಕಿದರೆ ಹಿಂಗಾರಿನ ನೆರೆಗೆ ದಡ ಕೊರೆಯುತ್ತದೆ. ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಮೇ ಕೊನೆಗೆ ತೆಗೆಯದಿದ್ದರೆ ಹೊಳೆಯಲ್ಲಿ ಬಂದ ಮರ, ಕಸ ಸಿಕ್ಕಿ ತೋಟಕ್ಕೆ ನೀರು. ಮರದ ಹಲಗೆ ಕುಂಬಾಗಿ ಹಾಳಾಗುತ್ತದೆ, ಕೆಲವು ಕಳವೂ ಆಗುತ್ತವೆ. ಈಗ ಫೈಬರ್ ಹಲಗೆ ಬಂದಿದೆ. ಇಳಿಸುವ ಕೈ ಮಾತ್ರ ಹೆಚ್ಚಿನ ಕಡೆ ಗುತ್ತಿಗೆಯದು. ಕಟ್ಟ ಕಟ್ಟುತ್ತಿದ್ದವನಿಗೆ ಅವನ ಗದ್ದೆಯೇ ಕ್ಯಾಲೆಂಡರ್. ಗುತ್ತಿಗೆದಾರನಿಗೆ ಹಣದ ಬಿಲ್ಲೇ ಕ್ಯಾಲೆಂಡರ್. ನಮ್ಮ ತೋಡಿಗೆ ಒಂದು ವರ್ಷ ಹಲಗೆ ಬಿದ್ದಾಗ ಫೆಬ್ರವರಿ. ನೀರು ಮೊಣಕಾಲಿಗೂ ಬರಲಿಲ್ಲ.

ಪೇಟೆಯವರೂ ಕುಡಿಯುವುದು ಹೀಗೆ ತಡೆದ ನೀರನ್ನೇ. ಮಂಗಳೂರಿಗೆ ನೇತ್ರಾವತಿ ಹೊಳೆಯ ತುಂಬೆ ಅಣೆಕಟ್ಟು, ಉಡುಪಿಗೆ ಸ್ವರ್ಣೆ ಹೊಳೆಯ ಬಜೆ ಅಣೆಕಟ್ಟು. 2016ರಲ್ಲಿ ಮಂಗಳೂರಿಗೆ ನೀರಿನ ರೇಷನ್ ಆಯಿತು. ತುಂಬೆಯ ಹಳೆಯ 4 ಮೀಟರ್ ಅಣೆಕಟ್ಟಿನ ಹತ್ತಿರ 7 ಮೀಟರಿನದು ಬಂತು, ಮೇಲಿನ ರೈತರ ಜಮೀನು ಮುಳುಗಿತು. 2019ರಲ್ಲಿ ಮತ್ತೆ ರೇಷನ್. ಅದೇ ವರ್ಷ ಉಡುಪಿಗೆ ಹೊಳೆಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪ್ ಮಾಡಿ ತರಬೇಕಾಯಿತು.

ಈಗ ಪಡುವಣಕ್ಕೆ ಹರಿಯುವ ಹೊಳೆಗಳ ನೀರು ನಿಲ್ಲಿಸುವ ಸರ್ಕಾರದ ಪಶ್ಚಿಮವಾಹಿನಿ ಯೋಜನೆಯಲ್ಲಿ ಇನ್ನಷ್ಟು ಕಿಂಡಿ ಅಣೆಕಟ್ಟುಗಳು ಬರುತ್ತಿವೆ. ನಮ್ಮಲ್ಲಿ ಹಲಗೆಗಳು ಶೆಡ್ಡಿನಲ್ಲಿ ಪೇರಿಸಿಟ್ಟಿವೆ. ಶೆಡ್ಡಿನ ಕೀ ಯಾರ ಹತ್ತಿರ ಇದೆ ಅಂತ ಮೊನ್ನೆ ಸುಮ್ನೆ ಕೇಳಿದೆ. ಮೂರು ಜನ ಮೂರು ಹೆಸರು ಹೇಳಿದರು.