ಇಟ್ಟಿಗೆ ಜೋಡಿಸಿಟ್ಟರೆ ಅದು ಶಿಲ್ಪ ಆಗುತ್ತಾ?

ಪ್ರಶ್ನೆ: ಅಮೆರಿಕದ ಶಿಲ್ಪಿ ಕಾರ್ಲ್ ಆಂಡ್ರೆ ಸುಮ್ನೆ ಇಟ್ಟಿಗೆ ಜೋಡಿಸಿದ್ದನ್ನು ಲಂಡನ್ನಿನ ಮ್ಯೂಸಿಯಂ ದುಡ್ಡು ಕೊಟ್ಟು ಕೊಂಡಿತಂತೆ. ನಮ್ಮ ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದಿನಾ ಜೋಡಿಸ್ತಾರಲ್ಲ, ಅದೂ ಶಿಲ್ಪವೇ?

ಉತ್ತರ: ಇಟ್ಟಿಗೆ ಬಲ್ಲವರೇ ಹೀಗೆ ಕೇಳಿದ್ದು ನನಗೆ ಖುಷಿ. ನಿಮ್ಮ ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿ ಹಿಡಿದು ದೇವರ ವಿಗ್ರಹ ಕೆತ್ತುವುದನ್ನು ನೋಡಿದವರಿಗೆ ಈ ಅನುಮಾನ ಬರಲೇಬೇಕು.

ಆಂಡ್ರೆ ಹುಟ್ಟಿದ್ದು 1935ರಲ್ಲಿ, ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ. ಕಲ್ಲು ಕ್ವಾರಿಗೆ, ಹಡಗು ಕಟ್ಟುವುದಕ್ಕೆ ಹೆಸರಾದ ಊರು. ಮೊದಮೊದಲು ಆತನೂ ಮರ ಕೆತ್ತುತ್ತಿದ್ದ. ಒಮ್ಮೆ ಒಂದು ತೊಲೆಯ ಮುಂಭಾಗ ಮಾತ್ರ ಕೆತ್ತಿದ್ದ. ಗೆಳೆಯ, ಚಿತ್ರಕಾರ ಫ್ರ್ಯಾಂಕ್ ಸ್ಟೆಲ್ಲಾ ಅದರ ಕೆತ್ತದ ಹಿಂಭಾಗ ಸವರಿ, ಇದೂ ಶಿಲ್ಪವೇ ಸರಿ ಅಂದ. ಆ ಮಾತು ಆಂಡ್ರೆಯ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ 1960ರಿಂದ 64ರವರೆಗೆ ರೈಲ್ವೆ ಕೆಲಸ. ಒಂದೇ ಥರದ ಗೂಡ್ಸ್ ಬೋಗಿಗಳನ್ನು ಸಾಲಾಗಿ ಸೇರಿಸೋದು, ಬಿಡಿಸೋದು.

ಈಗ ಇಟ್ಟಿಗೆಗೆ ಬರೋಣ. 1966ರಲ್ಲಿ ನ್ಯೂಯಾರ್ಕ್‌ನ ಒಂದು ಗ್ಯಾಲರಿಯಲ್ಲಿ ಆತ ನೆಲದ ಮೇಲೆ ಎಂಟು ರಾಶಿ ಇಟ್ಟ. ಪ್ರತಿಯೊಂದರಲ್ಲೂ 120 ಇಟ್ಟಿಗೆ, ಎರಡೇ ವರಸೆ, ಗಾರೆ ಇಲ್ಲ. ಒಂದು ವರಸೆಗೆ 60. ಅದನ್ನು 3ರಂತೆ 20, 4ರಂತೆ 15, 5ರಂತೆ 12, 6ರಂತೆ 10 ಸಾಲು ಮಾಡಬಹುದು. ಇಟ್ಟಿಗೆಯ ಉದ್ದ-ಅಗಲ ತಿರುಗಿಸಿದರೆ ಮತ್ತೆ ನಾಲ್ಕು. ತೂಕ, ಎತ್ತರ ಎಲ್ಲಾ ಸಮ, ಆದರೂ ಕಣ್ಣಿಗೆ ಒಂದೊಂದೂ ಬೇರೆ. ಗೂಡಿನಲ್ಲಿ ಜೋಡಿಸೋದು ಸುಡೋದಕ್ಕೆ, ಎಣಿಸಿ ಲಾರಿಗೆ ಹಾಕೋದಕ್ಕೆ. ಆಂಡ್ರೆ ಜೋಡಿಸಿದ್ದು ನಾವು ಸುತ್ತ ನಡೆದು ನೋಡಲಿ ಅಂತ. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಆಗ ಅವು ಮಾರಾಟವಾಗಲಿಲ್ಲ. ಇಟ್ಟಿಗೆಗಳನ್ನು ಕಾರ್ಖಾನೆಗೇ ವಾಪಸ್ ಕಳಿಸಿದ! 1972ರಲ್ಲಿ ನೀವು ಹೇಳಿದ ಲಂಡನ್ನಿನ ಮ್ಯೂಸಿಯಂ, ಅಂದರೆ ಟೇಟ್ ಗ್ಯಾಲರಿ, ಎಂಟನೆಯ ರಾಶಿಯನ್ನು ಕೊಂಡಾಗ ಆ ಕಾರ್ಖಾನೆ ಮುಚ್ಚಿಹೋಗಿತ್ತು. ಆಂಡ್ರೆ ಕುಲುಮೆಗೆ ಬಳಸುವ ಬೇರೆ ಇಟ್ಟಿಗೆ ತಂದು ಹೊಸದಾಗಿ ಜೋಡಿಸಿದ. 1976ರಲ್ಲಿ ಪತ್ರಿಕೆಗಳು, ಜನರ ದುಡ್ಡು ಹಾಳು ಅಂತ ದೊಡ್ಡ ಗಲಾಟೆ ಎಬ್ಬಿಸಿದವು. ಯಾರೋ ಅದರ ಮೇಲೆ ನೀಲಿ ಬಣ್ಣವನ್ನೂ ಎರಚಿದರು.

ನನಗೆ ಜಾಸ್ತಿ ಇಷ್ಟವಾಗೋದು ಆತನ ಲೋಹದ ಹಾಸುಗಳು. ಚೌಕ ತಗಡುಗಳನ್ನು ನೆಲಕ್ಕೆ ಹಾಸಿದ್ದಾನೆ, ಅವುಗಳ ಮೇಲೆ ನಡೆಯಬಹುದು. ಶಿಲ್ಪವನ್ನು ಕಾಲಲ್ಲಿ ತುಳಿಯೋದು ನಮಗೆ ಮುಜುಗರ, ಅಲ್ವಾ? ಆತನಿಗೆ ಶಿಲ್ಪ ಅಂದರೆ ಒಂದು ಜಾಗ.

ಇನ್ನೊಂದು ವಿಷಯ ಬಿಟ್ಟರೆ ಉತ್ತರ ಅರ್ಧವಾಗುತ್ತೆ. 1985ರಲ್ಲಿ ಆತನ ಹೆಂಡತಿ, ಕ್ಯೂಬಾ ಮೂಲದ ಕಲಾವಿದೆ ಆನಾ ಮೆಂಡಿಯೆಟಾ, ನ್ಯೂಯಾರ್ಕ್‌ನ ಅವರ ಮನೆಯ 34ನೇ ಮಹಡಿಯಿಂದ ಬಿದ್ದು ಸತ್ತಳು. ಆತನ ಮೇಲೆ ಕೊಲೆ ಕೇಸ್ ಆಯಿತು. 1988ರಲ್ಲಿ ಖುಲಾಸೆಯಾದ. ಆಮೇಲೂ ಆತನ ಪ್ರದರ್ಶನಗಳ ಮುಂದೆ ಅವಳ ಹೆಸರು ಹಿಡಿದು ಜನ ಪ್ರತಿಭಟಿಸಿದ್ದುಂಟು. ಆಂಡ್ರೆ 2024ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡ. ಆನಾ ಸತ್ತಾಗ ಅವಳಿಗೆ 36.